ಮೈಕ್ರೋನೀಡ್ಲಿಂಗ್ ಆದ ಮೇಲೆ ಪುಣೆ ಬಿಸಿಲಿನಿಂದ ಮುಖ ಕಾಪಾಡಿಕೊಳ್ಳುವುದು ಹೇಗೆ?



ಮದುವೆ ಸೀಸನ್ ಹತ್ತಿರ ಬಂತೆಂದರೆ ನಮ್ಮ ಪುಣೆ ಕನ್ನಡ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಮೊಡವೆ ಗುಳಿಗೆ ಮೈಕ್ರೋನೀಡ್ಲಿಂಗ್ ಮಾಡಿಸಿದೆವು. ಗುಳಿ ಹೋಗುವುದಿರಲಿ, ಮುಖವೇ ಕಪ್ಪಾಗಿದೆ. ಈಗ ಏನು ಮಾಡಬೇಕು?" ಕೇಳುವವರು ಹೆಚ್ಚಾಗಿ ತಾಯಂದಿರು. ಮಗಳಿಗೆ ಗಂಡು ನೋಡುತ್ತಿರುತ್ತಾರೆ, ದುಡ್ಡು ಕಟ್ಟಿ ಆಗಿರುತ್ತದೆ, ಊರಿನಿಂದ ಬೀಗರು ಬರುವ ದಿನ ಹತ್ತಿರವಿರುತ್ತದೆ. ಈಚೆಗೆ ಹಿಂಜವಡಿಯಲ್ಲಿ ಕೆಲಸ ಮಾಡುವ ಹುಡುಗರೂ ಕೇಳುತ್ತಿದ್ದಾರೆ.

ಬಹಳಷ್ಟು ಸಲ ತೊಂದರೆ ಶುರುವಾಗುವುದು ಸೂಜಿ ಚುಚ್ಚಿದ ದಿನ ಅಲ್ಲ, ಆಮೇಲಿನ ಎರಡು ವಾರಗಳಲ್ಲಿ. ಕ್ಲಿನಿಕ್‌ನಲ್ಲಿ ಮರಾಠಿಯಲ್ಲೋ ಇಂಗ್ಲಿಷ್‌ನಲ್ಲೋ ಗಡಿಬಿಡಿಯಲ್ಲಿ ಹೇಳಿದ ಸೂಚನೆ ಅರ್ಧ ತಲೆಗೆ ಹೋಗಿರುತ್ತದೆ, ಅರ್ಧ ಹೋಗಿರುವುದಿಲ್ಲ. ಹಾಗಾಗಿ ಈ ಸಲದ ಬರಹದಲ್ಲಿ ಅದನ್ನೇ ನಿಧಾನವಾಗಿ ನೋಡೋಣ. ನಿಮ್ಮ ವೈದ್ಯರು ನಿಮ್ಮ ಚರ್ಮ ನೋಡಿ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಮೊದಲು.

*ಸೂಜಿ ಮಾಡುವ ಕೆಲಸವೇನು?*

ತುಂಬಾ ಸಣ್ಣ ಸೂಜಿಗಳಿರುವ ರೋಲರ್‌ನಿಂದ ಅಥವಾ ಪೆನ್ನಿನಂಥ ಯಂತ್ರದಿಂದ ಚರ್ಮಕ್ಕೆ ಸಾಲುಸಾಲಾಗಿ ಸಣ್ಣ ಚುಚ್ಚು ಹಾಕುವುದೇ ಮೈಕ್ರೋನೀಡ್ಲಿಂಗ್. ಮೊದಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಕೂರಿಸುತ್ತಾರೆ. ಮೊಡವೆ ಗುಳಿಗಳಿಗೆ ಸೂಜಿ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಮಿ.ಮೀ. ಆಳಕ್ಕೆ ಹೋಗುತ್ತದೆ. ಚರ್ಮದ ಹೊರಪದರ ಮುಖದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ದಪ್ಪ ಅಷ್ಟೇ. ಅಂದರೆ ಸೂಜಿ ಹೊರಪದರ ದಾಟಿ ಒಳಗಿನ ಪದರ ಮುಟ್ಟುತ್ತದೆ, ಅಲ್ಲಿ ಚುಕ್ಕೆಚುಕ್ಕೆಯಾಗಿ ರಕ್ತ ಕಾಣುತ್ತದೆ. ಅದು ನಿರೀಕ್ಷಿತವೇ.

ಗಾಯವಾಯಿತು ಎಂದು ತಿಳಿದ ಚರ್ಮ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಲು ಕೊಲಾಜೆನ್ ಎಂಬ ನಾರನ್ನು ಹೊಸದಾಗಿ ಕಟ್ಟುತ್ತದೆ. ಆ ನಾರು ಗುಳಿಯನ್ನು ಒಳಗಿನಿಂದ ಮೇಲೆತ್ತುತ್ತದೆ. ದಕ್ಷಿಣ ಆಫ್ರಿಕಾದ ಪ್ಲಾಸ್ಟಿಕ್ ಸರ್ಜನ್ ಡೆಸ್ಮಂಡ್ ಫರ್ನಾಂಡಿಸ್ 1990ರ ದಶಕದಲ್ಲಿ ಈ ವಿಧಾನವನ್ನು ಬೆಳೆಸಿದರು. ಲೇಸರ್‌ಗೆ ಹೋಲಿಸಿದರೆ ಇದರಲ್ಲಿ ಶಾಖವಿಲ್ಲ, ಹೊರಪದರ ಸುಟ್ಟುಹೋಗುವುದಿಲ್ಲ. ಆದ್ದರಿಂದಲೇ ನಮ್ಮಂಥ ಗೋಧಿ ಬಣ್ಣ, ಎಣ್ಣೆಗಪ್ಪು ಬಣ್ಣದ ಚರ್ಮಕ್ಕೆ ಇದು ಹೆಚ್ಚು ಹೊಂದುತ್ತದೆ. ಹೊಂದುತ್ತದೆ ಎಂದರೆ ಅಪಾಯ ಕಡಿಮೆ ಎಂದರ್ಥ, ಅಪಾಯವೇ ಇಲ್ಲವೆಂದಲ್ಲ.

ಕೊಲಾಜೆನ್ ಕಟ್ಟುವ ಕೆಲಸ ಒಂದು ವಾರದಲ್ಲಿ ಮುಗಿಯುವುದಿಲ್ಲ, ಮೂರರಿಂದ ಆರು ತಿಂಗಳು ನಡೆಯುತ್ತದೆ. ಅದಕ್ಕೇ ನಾಲ್ಕರಿಂದ ಆರು ವಾರಕ್ಕೊಮ್ಮೆ, ಮೂರು-ನಾಲ್ಕು ಸಲ, ಕೆಲವರಿಗೆ ಆರು ಸಲ ಮಾಡುತ್ತಾರೆ. ಕಟ್ಟಡ ಕೆಲಸದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಪ್ಲಾಸ್ಟರ್ ಹಾಕಿದ ಮೇಲೆ ನೀರು ಹೊಡೆದು ಕ್ಯೂರಿಂಗ್ ಮಾಡುತ್ತೇವಲ್ಲ, ಬಿಸಿಲಿಗೆ ಬಿಟ್ಟರೆ ಬಿರುಕು ಬಿಡುತ್ತದಲ್ಲ, ಮುಖಕ್ಕೂ ಅಂಥದೇ ಒಂದು ಕ್ಯೂರಿಂಗ್ ಬೇಕು.

*ಮೊದಲ ಒಂದು ದಿನ*

ಚುಚ್ಚಿದ ರಂಧ್ರಗಳು ಹೆಚ್ಚಿನ ಪಾಲು ಒಂದು ದಿನದೊಳಗೆ ಮುಚ್ಚಿಕೊಳ್ಳುತ್ತವೆ. ಅಲ್ಲಿಯತನಕ ಮುಖದ ಮೇಲೆ ಏನು ಬಿದ್ದರೂ ಅದು ಒಳಗೆ ಇಳಿಯಬಹುದು. ಧೂಳು, ಬೆವರು, ಸೋಪು, ಕ್ರೀಮಿನಲ್ಲಿರುವ ಸುವಾಸನೆ ಎಲ್ಲವೂ. ಸೂಜಿ ಚುಚ್ಚಿದ ಮೇಲೆ ಈ ಇಪ್ಪತ್ತನಾಲ್ಕು ಗಂಟೆಯೇ ಎಲ್ಲಕ್ಕಿಂತ ಮುಖ್ಯ.

ಮೊದಲ ತೊಡಕು ಮನೆಗೆ ಹೋಗುವುದರಲ್ಲೇ ಇದೆ. ಪುಣೆಯಲ್ಲಿ ಎಲ್ಲರೂ ಗಾಡಿ ಮೇಲೆಯೇ ಓಡಾಡುವುದು. ಕ್ಲಿನಿಕ್‌ನಿಂದ ಹೊರಬಂದು, ಕೆಂಪಗಾದ ಮುಖಕ್ಕೆ ಸ್ಕೂಟರ್ ಡಿಕ್ಕಿಯಲ್ಲಿದ್ದ ಸ್ಕಾರ್ಫ್ ಬಿಗಿಯಾಗಿ ಸುತ್ತಿ, ಮೇಲೆ ಹೆಲ್ಮೆಟ್ ಹಾಕಿ, ಕೋಥ್ರೂಡ್‌ನಿಂದ ವಾಘೋಲಿಗೆ ಹೊರಟರೆ ಹೇಗಿರುತ್ತದೆ ಯೋಚಿಸಿ. ಆ ಸ್ಕಾರ್ಫ್ ಒಗೆದು ಎಷ್ಟು ದಿನವಾಗಿದೆಯೋ! ಹೆಲ್ಮೆಟ್ ಒಳಗಿನ ಸ್ಪಂಜನ್ನಂತೂ ಯಾರೂ ತೊಳೆಯುವುದಿಲ್ಲ. ಆ ದಿನ ಸಂಜೆಯ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಬಿಸಿಲು ಇಳಿದಿರುತ್ತದೆ. ವಾಪಸು ಬರುವಾಗ ರಿಕ್ಷಾ ಅಥವಾ ಕ್ಯಾಬ್ ಹಿಡಿಯಿರಿ. ಚಿಕಿತ್ಸೆಗೆ ಸಾವಿರಗಟ್ಟಲೆ ಕೊಟ್ಟವರು ರಿಕ್ಷಾದ ದುಡ್ಡು ಉಳಿಸಬಾರದು.

ಮುಖ ಕೆಂಪಾಗಿ, ಬಿಸಿಲು ಬಡಿದ ಹಾಗೆ ಉರಿಯುತ್ತದೆ, ಸ್ವಲ್ಪ ಊದಿಕೊಳ್ಳುತ್ತದೆ. ಮರಗಟ್ಟಿಸುವ ಕ್ರೀಮಿನ ಪರಿಣಾಮ ಇರುವಾಗ ಐಸ್ ತುಂಡು ನೇರವಾಗಿ ಇಡಬೇಡಿ. ಎಷ್ಟು ತಣ್ಣಗಾಗಿದೆ ಎಂದು ನಿಮಗೆ ಗೊತ್ತಾಗುವುದೇ ಇಲ್ಲ, ಚರ್ಮಕ್ಕೆ ಪೆಟ್ಟಾಗುತ್ತದೆ. ತೀರಾ ಉರಿಯಿದ್ದರೆ ಒಗೆದ ಹತ್ತಿಬಟ್ಟೆಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ಮೆಲ್ಲಗೆ ಇಡಬಹುದು. ನೋವಿಗೆ ಪ್ಯಾರಸಿಟಮಾಲ್ ಸಾಕು. ಐಬುಪ್ರೊಫೆನ್‌ನಂಥ ಗುಳಿಗೆಗಳನ್ನು ಕೆಲವು ವೈದ್ಯರು ಬೇಡವೆನ್ನುತ್ತಾರೆ, ಏಕೆಂದರೆ ಆ ಕೆಂಪು-ಊತವೇ ದುರಸ್ತಿ ಕೆಲಸದ ಮೊದಲ ಹೆಜ್ಜೆ.

ಮುಖ ತೊಳೆಯುವ ನೀರಿನ ಬಗ್ಗೆ ಒಂದು ಮಾತು. ಹೊಸ ಬಡಾವಣೆಗಳಲ್ಲಿ ಅರ್ಧ ವರ್ಷ ಟ್ಯಾಂಕರ್ ನೀರೇ ಗತಿ. ಮೊದಲ ಒಂದೆರಡು ದಿನ ಅದು ಬೇಡ. ಕಾಯಿಸಿ ಆರಿಸಿದ ನೀರು, ಇಲ್ಲವೇ ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ಸಾಕು. ಕೈ ಸೋಪಿನಿಂದ ತೊಳೆದು ಆಮೇಲೆ ಮುಖ ಮುಟ್ಟಿ. ಟವೆಲ್ಲಿನಿಂದ ಉಜ್ಜಬೇಡಿ, ಒತ್ತಿ ಒರೆಸಿ. ದಿಂಬಿನ ಕವರ್ ಆ ರಾತ್ರಿಯೇ ಬದಲಿಸಿ. ಫೋನನ್ನು ಕೆನ್ನೆಗೆ ಒತ್ತಿ ಮಾತಾಡಬೇಡಿ, ಸ್ಪೀಕರ್ ಹಾಕಿಕೊಳ್ಳಿ.

ವೈದ್ಯರು ಕೊಟ್ಟ ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಬಿಟ್ಟು ಬೇರೇನೂ ಬೇಡ. ಮೊದಲ ದಿನ ಸನ್‌ಸ್ಕ್ರೀನ್ ಕೂಡ ಬೇಡ ಎಂದು ಹೆಚ್ಚಿನ ವೈದ್ಯರು ಹೇಳುತ್ತಾರೆ. ತೆರೆದ ರಂಧ್ರಗಳೊಳಗೆ ಅದರ ರಾಸಾಯನಿಕ ಇಳಿಯಬಾರದು. ಹಾಗಾದರೆ ರಕ್ಷಣೆ? ಮನೆಯೊಳಗೇ ಇರುವುದು. ಆ ಒಂದು ದಿನ ರಜೆ ಹಾಕಲು ಆಗದಿದ್ದರೆ ಶುಕ್ರವಾರ ಸಂಜೆ ಮಾಡಿಸಿ, ಶನಿವಾರ ಮನೆಯಲ್ಲಿರಿ.

*ಅಜ್ಜಿಯ ಮದ್ದು, ಪಕ್ಕದ ಮನೆಯವರ ಮದ್ದು*

ಮುಖ ಉರಿಯುತ್ತಿದೆ ಎಂದ ಕೂಡಲೇ ಮನೆಯಲ್ಲಿ ಸಲಹೆಗಳು ಶುರು. ಅರಿಶಿನ ಹಚ್ಚು, ಮೊಸರು ಹಚ್ಚು, ಕುಂಡದಲ್ಲಿರುವ ಲೋಳೆಸರ ಕಿತ್ತು ಹಚ್ಚು, ನಿಂಬೆ ಹಿಂಡಿಕೋ. ಪ್ರೀತಿಯಿಂದ ಹೇಳುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಆದರೆ ಹಚ್ಚಬೇಡಿ. ಚೆನ್ನಾಗಿರುವ ಚರ್ಮದ ಮೇಲೆ ಹಚ್ಚುವುದು ಬೇರೆ, ಸಾವಿರ ರಂಧ್ರ ಬಿದ್ದ ಚರ್ಮದ ಮೇಲೆ ಹಚ್ಚುವುದು ಬೇರೆ. ನಿಂಬೆ ಹುಳಿ ಚರ್ಮ ಸುಡುತ್ತದೆ, ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಕಪ್ಪು ಕಲೆಯೇ ಬೀಳುತ್ತದೆ. ಕುಂಡದ ಲೋಳೆಸರದ ಜೊತೆ ಕುಂಡದ ಮಣ್ಣಿನ ಸೂಕ್ಷ್ಮಜೀವಿಗಳೂ ಬರುತ್ತವೆ.

ಅಂಗಡಿಯ ಸೀರಮ್‌ಗೂ ಇದೇ ಮಾತು. ಸೂಜಿ ಚುಚ್ಚುವಾಗಲೇ ವಿಟಮಿನ್ ಸಿ ಸೀರಮ್ ಹಚ್ಚಿಸಿಕೊಂಡ ಕೆಲವರಿಗೆ ಮುಖದ ತುಂಬ ಗಟ್ಟಿ ಗಂಟುಗಳೆದ್ದ ಪ್ರಕರಣಗಳನ್ನು ಅಮೆರಿಕದ ಚರ್ಮವೈದ್ಯರ ಪತ್ರಿಕೆಯೊಂದು 2014ರಲ್ಲೇ ಪ್ರಕಟಿಸಿದೆ. ಅದೇ ಸೀರಮ್ ಸಾಮಾನ್ಯ ಚರ್ಮದ ಮೇಲೆ ಸುಮ್ಮನಿರುತ್ತದೆ, ಒಳಗೆ ಇಳಿದಾಗ ದೇಹ ಅದನ್ನು ಶತ್ರುವೆಂದು ತಿಳಿಯುತ್ತದೆ. ರೆಟಿನಾಲ್, ಗ್ಲೈಕಾಲಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್, ವಿಟಮಿನ್ ಸಿ, ಸ್ಕ್ರಬ್ ಎಲ್ಲವನ್ನೂ ಸುಮಾರು ಒಂದು ವಾರ ಪಕ್ಕಕ್ಕಿಡಿ. ಮತ್ತೆ ಯಾವಾಗ ಶುರು ಮಾಡಬೇಕೆಂದು ವೈದ್ಯರನ್ನು ಕೇಳಿ.

*ಎರಡನೇ ದಿನದಿಂದ ಒಂದು ವಾರ*

ಕೆಂಪು ಎರಡು-ಮೂರು ದಿನದಲ್ಲಿ ಇಳಿಯುತ್ತದೆ. ಆಮೇಲೆ ಚರ್ಮ ಒಣಗಿ, ಮರಳು ಕಾಗದದ ಹಾಗೆ ಒರಟಾಗಿ, ಸಣ್ಣ ಹೊಟ್ಟಿನಂತೆ ಸುಲಿಯಬಹುದು. ಕನ್ನಡಿ ಮುಂದೆ ನಿಂತು ಕೀಳಲು ಕೈ ಹೋಗುತ್ತದೆ. ಕೀಳಬೇಡಿ, ಕಿತ್ತ ಜಾಗದಲ್ಲೇ ಕಪ್ಪು ಬೀಳುವುದು. ಮಾಯಿಶ್ಚರೈಸರ್ ದಿನಕ್ಕೆ ಮೂರು-ನಾಲ್ಕು ಸಲ ಹಚ್ಚಿ, ಹೊಟ್ಟು ತಾನಾಗಿ ಉದುರುತ್ತದೆ.

ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡಿ. ರೊಟ್ಟಿ ಬಡಿಯುವವರಿಗೆ ಗೊತ್ತು, ಹಂಚಿನ ಝಳ ನೇರವಾಗಿ ಮುಖಕ್ಕೇ ಹೊಡೆಯುತ್ತದೆ. ಮೂರು ದಿನ ಮನೆಯ ಬೇರೆ ಯಾರಾದರೂ ರೊಟ್ಟಿ ಬಡಿಯಲಿ, ಇಲ್ಲವೇ ಪೋಳಿ-ಭಾಜಿ ತರಿಸಿ, ಪುಣೆಯಲ್ಲಿ ಅದಕ್ಕೇನು ಕೊರತೆ? ಜಿಮ್, ಈಜು, ಸಿಂಹಗಡ ಹತ್ತುವುದು, ಬೆವರಿಳಿಸುವ ಯಾವುದೂ ಮೂರು ದಿನ ಬೇಡ. ಗಂಡಸರು ಹಕ್ಕಳೆ, ಉರಿ ಪೂರ್ತಿ ಹೋಗುವವರೆಗೆ ಗಡ್ಡ ಬೋಳಿಸಬೇಡಿ. ಮೇಕಪ್‌ಗೂ ಕನಿಷ್ಠ ಎರಡು-ಮೂರು ದಿನ ಬಿಡುವು ಕೊಡಿ. ಅಂಟು ಬಿಂದಿ, ಕುಂಕುಮ ಕೂಡ ಹಣೆಗೆ ಸೂಜಿ ಬಿದ್ದಿದ್ದರೆ ಅಷ್ಟು ದಿನ ಬೇಡ. ದೇವರು ಅರ್ಥಮಾಡಿಕೊಳ್ಳುತ್ತಾನೆ, ಅತ್ತೆಯವರಿಗೆ ಮೊದಲೇ ಹೇಳಿಡಿ.

ಹಬ್ಬದ ಲೆಕ್ಕವನ್ನೂ ನೋಡಿಕೊಳ್ಳಿ. ಇಲ್ಲಿ ಹೋಳಿ ಆಗಿ ಐದನೇ ದಿನಕ್ಕೆ ರಂಗಪಂಚಮಿ ಆಡುತ್ತಾರೆ. ಗಣಪತಿ ಮೆರವಣಿಗೆಯಲ್ಲಿ ಗುಲಾಲು ಹಾರುತ್ತದೆ. ಆ ಬಣ್ಣದಲ್ಲಿ ಏನಿದೆಯೋ ಬಲ್ಲವರಿಲ್ಲ. ಇವುಗಳ ಹಿಂದಿನ ಎರಡು ವಾರ ಸೂಜಿ ಬೇಡವೇ ಬೇಡ. ಮದುಮಗಳಾದರೆ ಇನ್ನೂ ಎಚ್ಚರ. ಅರಿಶಿನ ಶಾಸ್ತ್ರದಲ್ಲಿ ಹತ್ತು ಜನರ ಕೈ ಮುಖದ ಮೇಲೆ ಉಜ್ಜುತ್ತದೆ, ಆಮೇಲೆ ಹೋಮದ ಹೊಗೆ, ಎರಡು ದಿನ ದಪ್ಪ ಮೇಕಪ್. ಕೊನೆಯ ಸೂಜಿಗೂ ಮದುವೆಗೂ ನಡುವೆ ಕನಿಷ್ಠ ನಾಲ್ಕು ವಾರ ಇರಲಿ, ಆರು ವಾರವಿದ್ದರೆ ಒಳ್ಳೆಯದು. "ಮದುವೆಗೆ ಹತ್ತು ದಿನ ಇದೆ, ಒಂದು ಸಿಟ್ಟಿಂಗ್ ಮಾಡಿಬಿಡೋಣ" ಎನ್ನುವ ಕ್ಲಿನಿಕ್‌ನಿಂದ ಎದ್ದು ಬನ್ನಿ.

*ಮುಖ ಕಪ್ಪಾಗುವುದೇಕೆ?*

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಅದನ್ನು ತಯಾರಿಸುವ ಜೀವಕೋಶಗಳು ನಮ್ಮ ಜನರಲ್ಲಿ ಬಹಳ ಚುರುಕು. ಎಲ್ಲಿ ಗಾಯ, ಉರಿ, ಊತ ಆಯಿತೋ ಅಲ್ಲಿ ಅವು ಬಣ್ಣ ಸುರಿಯುತ್ತವೆ. ಸೊಳ್ಳೆ ಕಚ್ಚಿ ತುರಿಸಿಕೊಂಡ ಜಾಗ, ಬಾಣಲೆ ತಾಗಿದ ಜಾಗ ತಿಂಗಳುಗಟ್ಟಲೆ ಕಪ್ಪಾಗಿರುವುದು ಇದರಿಂದಲೇ. ಮೈಕ್ರೋನೀಡ್ಲಿಂಗ್ ಆದ ಮುಖ ಪೂರ್ತಿ ಇಂಥ ಒಂದು ಹಸಿ ಗಾಯ. ಅದರ ಮೇಲೆ ಬಿಸಿಲು ಬಿತ್ತೆಂದರೆ ಬಣ್ಣ ಸುರಿಯುವ ಕೆಲಸ ಇಮ್ಮಡಿಯಾಗುತ್ತದೆ. ಈಗಾಗಲೇ ಬಂಗು ಇರುವವರಿಗೆ ಇದು ಇನ್ನೂ ಬೇಗ ಆಗುತ್ತದೆ. ಅವರು ಸೂಜಿಗೆ ಮೊದಲೇ ಅದನ್ನು ವೈದ್ಯರಿಗೆ ತೋರಿಸಬೇಕು.

ಹೀಗೆ ಬಂದ ಕಪ್ಪು ಹೆಚ್ಚಿನವರಲ್ಲಿ ಮಾಸುತ್ತದೆ. ಆದರೆ ತಿಂಗಳುಗಳೇ ಬೇಕು, ಮತ್ತು ಆ ತಿಂಗಳುಗಳಲ್ಲಿ ಬಿಸಿಲಿನಿಂದ ತಪ್ಪಿಸಿಕೊಂಡಿರಬೇಕು. ಗಾಬರಿಯಿಂದ ಜನ ಮಾಡುವ ತಪ್ಪು ಔಷಧಿ ಅಂಗಡಿಗೆ ಹೋಗಿ "ಕಲೆ ಹೋಗುವ ಕ್ರೀಮ್ ಕೊಡಿ" ಎನ್ನುವುದು. ಅವರು ಕೊಡುವ ಟ್ಯೂಬಿನಲ್ಲಿ ಬಹಳ ಸಲ ಮೊಮೆಟಾಸೋನ್‌ನಂಥ ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಸೇರಿರುತ್ತವೆ. ಎರಡು ವಾರ ಮುಖ ಫಳಫಳ ಹೊಳೆಯುತ್ತದೆ. ಬಿಟ್ಟ ಕೂಡಲೇ ಕೆಂಪು, ಮೊಡವೆ, ಉರಿ. ಮತ್ತೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ. ಹೀಗೆ ಹಾಳಾದ ಮುಖಗಳು ದೇಶದಲ್ಲೆಲ್ಲ ಎಷ್ಟು ಹೆಚ್ಚಾದವೆಂದರೆ, ಚರ್ಮವೈದ್ಯರ ರಾಷ್ಟ್ರೀಯ ಸಂಘವೇ ಇದರ ವಿರುದ್ಧ ಹೋರಾಡಿತು, 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ ಎನ್ನುವುದು ನಮಗೆಲ್ಲ ಗೊತ್ತಿರುವ ಸಂಗತಿ.

ಇನ್ನೊಂದು ವಿಷಯ, ಸ್ವಲ್ಪ ಕಹಿ ಅನ್ನಿಸಬಹುದು. ಮೈಕ್ರೋನೀಡ್ಲಿಂಗ್ ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ. ಗುಳಿ ತುಂಬುವುದು, ಒರಟು ಕಡಿಮೆಯಾಗುವುದು ಇದರ ಕೆಲಸ. ಹುಟ್ಟಿನಿಂದ ಬಂದ ಬಣ್ಣ ಬದಲಿಸಲೆಂದು ಮಗಳನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಆ ದುಡ್ಡು ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿಡಿ.

*ಪುಣೆ ಬಿಸಿಲಿನ ಲೆಕ್ಕ*

"ನಮ್ಮ ವಿಜಯಪುರ, ಕಲಬುರಗಿ ಬಿಸಿಲಿನ ಮುಂದೆ ಪುಣೆ ಬಿಸಿಲು ಯಾವ ಲೆಕ್ಕ?" ಎಂದು ನಗುವವರಿದ್ದಾರೆ. ಸೆಕೆಯ ಮಟ್ಟಿಗೆ ಅದು ನಿಜ. ಆದರೆ ಮುಖ ಕಪ್ಪಾಗಿಸುವುದು ಸೆಕೆಯಲ್ಲ, ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಗಾಳಿ ತಂಪಾಗಿದ್ದರೂ ಅದು ಜೋರಾಗಿರಬಹುದು. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಸಮಭಾಜಕಕ್ಕೆ ಹತ್ತಿರವೇ. ಮೇ 13ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ಕಂಬದ ನೆರಳು ಕ್ಷಣಕಾಲ ಮಾಯವಾಗುತ್ತದೆ. ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುವ ಶೂನ್ಯ ನೆರಳಿನ ದಿನ ಇದೇ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಹೊತ್ತಿಗೇ ಆಗಿಹೋಗುತ್ತದೆ. ಜುಲೈ ಕೊನೆಯಲ್ಲಿ ಪುಣೆಯಲ್ಲಿ ಇನ್ನೊಮ್ಮೆ ಆಗುತ್ತದೆ, ಆಗ ಮೋಡ ಇರುವುದರಿಂದ ಯಾರಿಗೂ ಕಾಣುವುದಿಲ್ಲ. ಮೋಡದ ಮೇಲೆ ಸೂರ್ಯ ಅಷ್ಟೇ ನೆಟ್ಟಗಿರುತ್ತಾನೆ, ತೆಳು ಮೋಡದಲ್ಲಿ ಈ ಕಿರಣಗಳು ಸಲೀಸಾಗಿ ತೂರಿ ಬರುತ್ತವೆ. ಮಳೆಗಾಲದಲ್ಲಿ ಸನ್‌ಸ್ಕ್ರೀನ್ ಬೇಡ ಎನ್ನುವವರು ಇದನ್ನು ನೆನಪಿಡಲಿ.

ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್ ಎಂಬ ಅಂಕಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 3 ದಾಟಿದರೆ ರಕ್ಷಣೆ ಬೇಕು, 8 ದಾಟಿದರೆ ತುಂಬಾ ಹೆಚ್ಚು, 11 ಮತ್ತು ಅದಕ್ಕೂ ಮೇಲೆ ಅತಿರೇಕ. ಮಾರ್ಚ್‌ನಿಂದ ಮೇ ತನಕ ಪುಣೆ ಮಧ್ಯಾಹ್ನದಲ್ಲಿ 11 ಕಾಣುವುದು ಅಪರೂಪವೇನಲ್ಲ. ಆ್ಯಪ್ ಬೇಡವೆಂದರೆ ನಿಮ್ಮ ನೆರಳನ್ನೇ ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ಜೋರಾಗಿವೆ. ಪುಣೆ ದೇಶದ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಆಫೀಸಿನವರು ಊಟ ಮಾಡಿ ಒಂದು ಸುತ್ತು ಹಾಕುವುದು, ಅಮ್ಮಂದಿರು ಮಕ್ಕಳನ್ನು ಶಾಲೆಯಿಂದ ಕರೆತರುವುದು ಅದೇ ಹೊತ್ತು.

ವಾರಾಂತ್ಯಕ್ಕೆ ಮಹಾಬಳೇಶ್ವರ ತಂಪು ಎಂದು ಹೊರಡುತ್ತೇವೆ. ಎತ್ತರ ಹೆಚ್ಚಿದಂತೆ ನೇರಳಾತೀತ ಕಿರಣವೂ ಹೆಚ್ಚು. ಕೊಂಕಣದ ಬೀಚಿನಲ್ಲಿ ಮರಳು, ನೀರು ಎರಡೂ ಅದನ್ನು ತಿರುಗಿ ಮುಖಕ್ಕೆ ಎಸೆಯುತ್ತವೆ. ಸೂಜಿಯಾದ ತಿಂಗಳಲ್ಲಿ ಎರಡೂ ಪ್ರವಾಸ ಮುಂದಕ್ಕೆ ಹಾಕಿದರೆ ಕ್ಷೇಮ. ಕಿಟಕಿ ಗಾಜಿನ ಪಕ್ಕ ಕೂತು ಕೆಲಸ ಮಾಡುವವರೂ ಕೇಳಿ. ಗಾಜು ಯುವಿಬಿ ಕಿರಣವನ್ನು ಬಹುಪಾಲು ತಡೆಯುತ್ತದೆ, ಯುವಿಎಯನ್ನು ಬಿಡುತ್ತದೆ. ಬಣ್ಣ ಕಪ್ಪಾಗಿಸುವುದರಲ್ಲಿ ಯುವಿಎ ಪಾಲೂ ದೊಡ್ಡದು. ಪರದೆ ಎಳೆದುಕೊಳ್ಳಿ.

*ಸನ್‌ಸ್ಕ್ರೀನ್: ಯಾವುದು, ಎಷ್ಟು?*

ಎರಡನೇ ದಿನದಿಂದ, ಅಥವಾ ವೈದ್ಯರು ಹೇಳಿದ ದಿನದಿಂದ ಹಚ್ಚಲು ಶುರು ಮಾಡಿ. ಮೊದಲ ಒಂದೆರಡು ವಾರ ಝಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವ ಮಿನರಲ್ ಸನ್‌ಸ್ಕ್ರೀನ್ ಒಳ್ಳೆಯದು, ಉರಿ ಕಡಿಮೆ. ಹಚ್ಚಿದರೆ ಬೂದಿ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ ಎಂಬುದು ಎಲ್ಲರ ದೂರು. ಅದಕ್ಕೆ ಚರ್ಮದ ಬಣ್ಣ ಬೆರೆಸಿದ ಟಿಂಟೆಡ್ ಸನ್‌ಸ್ಕ್ರೀನ್ ಕೇಳಿ ತೆಗೆದುಕೊಳ್ಳಿ. ಇದರಲ್ಲಿ ಇನ್ನೊಂದು ಲಾಭವೂ ಇದೆ. ನಮ್ಮ ಬಣ್ಣದ ಚರ್ಮವನ್ನು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸುತ್ತದೆ. ಟಿಂಟ್‌ಗೆ ಬಣ್ಣ ಕೊಡುವ ಐರನ್ ಆಕ್ಸೈಡ್ ಆ ಬೆಳಕನ್ನೂ ತಡೆಯುತ್ತದೆ, ಸಾಮಾನ್ಯ ಸನ್‌ಸ್ಕ್ರೀನ್ ತಡೆಯುವುದಿಲ್ಲ.

ಎಸ್‌ಪಿಎಫ್ 30 ಯುವಿಬಿಯ ಶೇ. 97ರಷ್ಟು ತಡೆದರೆ ಎಸ್‌ಪಿಎಫ್ 50 ಶೇ. 98ರಷ್ಟು ತಡೆಯುತ್ತದೆ. ಎಸ್‌ಪಿಎಫ್ 100 ಎಂದು ಎರಡು ಪಟ್ಟು ದುಡ್ಡು ಕೊಡುವ ಅಗತ್ಯವಿಲ್ಲ. 30ರಿಂದ 50ರೊಳಗೆ ಇರಲಿ, ಜೊತೆಗೆ ಪಿಎ ಎಂಬ ಗುರುತಿನ ಮುಂದೆ ಮೂರು ಅಥವಾ ನಾಲ್ಕು ಪ್ಲಸ್ ಇರಲಿ. ಅದು ಯುವಿಎ ರಕ್ಷಣೆಯ ಗುರುತು.

ಆದರೆ ಈ ಅಂಕಿಗಳೆಲ್ಲ ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ ಮಾತ್ರ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಕ್ರೀಮ್ ಮುಖ ಮತ್ತು ಕುತ್ತಿಗೆಗೆ ಬೇಕು. ನಾವು ಹಚ್ಚುವುದು ಕಡಲೆಕಾಳಿನಷ್ಟು. ಬೆಳಿಗ್ಗೆ-ಮಧ್ಯಾಹ್ನ ಸರಿಯಾಗಿ ಹಚ್ಚಿದರೆ 50 ಗ್ರಾಂ ಟ್ಯೂಬು ಸುಮಾರು ಮೂರು ವಾರಕ್ಕೆ ಖಾಲಿಯಾಗಬೇಕು. ನಿಮ್ಮದು ಮೂರು ತಿಂಗಳು ಬಂದಿದ್ದರೆ ಹಚ್ಚದೇ ಇದ್ದಂತೆಯೇ. ಈ ಖರ್ಚನ್ನೂ ಚಿಕಿತ್ಸೆಯ ಖರ್ಚಿನಲ್ಲಿ ಮೊದಲೇ ಸೇರಿಸಿ ನೋಡಿ. ನಾಲ್ಕು ಸಿಟ್ಟಿಂಗ್‌ಗೆ ದುಡ್ಡಿದ್ದು ಸನ್‌ಸ್ಕ್ರೀನ್‌ಗೆ ಇಲ್ಲವೆಂದರೆ ಮೂರು ಸಿಟ್ಟಿಂಗ್ ಮಾಡಿಸಿ.

ಮನೆ ಬಿಡುವ ಹದಿನೈದು-ಇಪ್ಪತ್ತು ನಿಮಿಷ ಮೊದಲು ಹಚ್ಚಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವರಿ ಒರೆಸಿಕೊಂಡರೆ ಕೂಡಲೇ ಮತ್ತೆ ಹಚ್ಚಿ. ಕಿವಿ, ಕುತ್ತಿಗೆಯ ಹಿಂಭಾಗ ಮರೆಯಬೇಡಿ. ಟ್ಯೂಬನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ, ಅಲ್ಲಿನ ಕಾವಿಗೆ ಕೆಟ್ಟುಹೋಗುತ್ತದೆ.

ಪುಣೆ ಹುಡುಗಿಯರ ಸ್ಕಾರ್ಫನ್ನು ಹೊರಗಿನವರು ಹಾಸ್ಯ ಮಾಡುತ್ತಾರೆ. ನನ್ನ ಪ್ರಕಾರ ಈ ಊರು ಕಂಡುಹಿಡಿದ ಅತ್ಯುತ್ತಮ ಸನ್‌ಸ್ಕ್ರೀನ್ ಅದೇ. ಒತ್ತಾಗಿ ನೇಯ್ದ, ಗಾಢ ಬಣ್ಣದ ಹತ್ತಿ ಸ್ಕಾರ್ಫ್ ತೆಳು ಬಿಳಿ ಬಟ್ಟೆಗಿಂತ ಚೆನ್ನಾಗಿ ತಡೆಯುತ್ತದೆ. ಮೂರು ದಿನ ಕಳೆದ ಮೇಲೆ ಸಡಿಲವಾಗಿ ಸುತ್ತಿಕೊಳ್ಳಿ, ದಿನವೂ ಒಗೆದದ್ದು ಇರಲಿ, ಅದರ ಒಳಗೂ ಸನ್‌ಸ್ಕ್ರೀನ್ ಇರಲಿ. "ಬಿಸಿಲೇ ಬೇಡವೆಂದರೆ ವಿಟಮಿನ್ ಡಿ ಗತಿ?" ಎಂದರೆ, ಕೈಕಾಲಿಗೆ ಬಿಸಿಲು ಕಾಯಿಸಿ, ಮುಖಕ್ಕೆ ಬೇಡ.

ಚಾಕಣ್ ಕಡೆ ಸೈಟಿನಲ್ಲಿ ನಿಂತು ಕೆಲಸ ಮಾಡಿಸುವವರು, ಡೆಲಿವರಿ ಹುಡುಗರು, ತರಕಾರಿ ಗಾಡಿಯವರು ಇವೆಲ್ಲ ಓದಿ "ನಮಗೆ ಹೇಗೆ ಸಾಧ್ಯ?" ಎನ್ನಬಹುದು. ನಿಜ, ದಿನವಿಡೀ ಬಿಸಿಲಿನಲ್ಲಿರುವವರಿಗೆ ಮಾರ್ಚ್-ಮೇ ತಿಂಗಳಲ್ಲಿ ಇದು ಹೇಳಿಮಾಡಿಸಿದ ಚಿಕಿತ್ಸೆಯಲ್ಲ. ಕೆಲಸಕ್ಕೆ ಬಿಡುವಿರುವ, ಊರಿಗೆ ಹೋಗಿ ಮನೆಯಲ್ಲಿರುವ ಸಮಯ ನೋಡಿ ಮಾಡಿಸಿ. ಆಗದಿದ್ದರೆ ಹಾಗೆಂದು ವೈದ್ಯರಿಗೆ ಮೊದಲೇ ಹೇಳಿ, ಬೇರೆ ದಾರಿ ಇದೆಯೇ ಕೇಳಿ. ನಾಚಿಕೊಂಡು "ಹ್ಞೂಂ, ಬಿಸಿಲಿಗೆ ಹೋಗಲ್ಲ" ಎಂದು ತಲೆಯಾಡಿಸಿ ಬಂದರೆ ನಷ್ಟ ನಮಗೇ.

*ಎಲ್ಲಿ ಮಾಡಿಸಬೇಕು, ಯಾರು ಮಾಡಿಸಬಾರದು*

ಬ್ಯೂಟಿ ಪಾರ್ಲರ್‌ನಲ್ಲಿ ಬೇಡ. ಚರ್ಮವೈದ್ಯರ ಬೋರ್ಡಿನಲ್ಲಿ ಎಂಡಿ, ಡಿಎನ್‌ಬಿ, ಡಿವಿಡಿ ಅಥವಾ ಡಿಡಿವಿಎಲ್ ಎಂಬ ಪದವಿ ಇದೆಯೇ ನೋಡಿ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರು ಒಡೆಯಲು ಹೇಳಿ, ಕೇಳುವುದರಲ್ಲಿ ಮರ್ಯಾದೆಗೇಡು ಏನೂ ಇಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಸ್ಪಾ ಒಂದರಲ್ಲಿ ಸ್ವಂತ ರಕ್ತ ಹಚ್ಚಿ ಮಾಡುವ ಸೂಜಿ ಫೇಶಿಯಲ್ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ಹರಡಿದ್ದನ್ನು ಆ ದೇಶದ ಸರ್ಕಾರಿ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಸೂಜಿ ಒಬ್ಬರಿಗೆ ಒಂದೇ ಸಲ. ಆನ್‌ಲೈನಿನಲ್ಲಿ ಸಿಗುವ ರೋಲರ್ ತಂದು ಅಕ್ಕತಂಗಿಯರು ಹಂಚಿಕೊಳ್ಳುವುದಂತೂ ಕೂಡದು.

ದುಡ್ಡಿನ ತೊಂದರೆ ಇರುವವರು ಸಸೂನ್ ಆಸ್ಪತ್ರೆಯ, ಪಿಂಪ್ರಿಯ ವೈಸಿಎಂ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಮೊದಲು ತೋರಿಸಿ ಸಲಹೆ ಪಡೆಯಬಹುದು. ಸಾಲು ಉದ್ದವಿರುತ್ತದೆ, ಬೆಳಿಗ್ಗೆಯೇ ಹೋಗಿ.

ಕೀವು ತುಂಬಿದ ಮೊಡವೆ ಇರುವಾಗ, ಗಾಯ ಉಬ್ಬಿ ಗಂಟಾಗುವ ಗುಣವಿದ್ದರೆ, ಬಸುರಿಯಾಗಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಮೊಡವೆಗೆ ಐಸೊಟ್ರೆಟಿನಾಯಿನ್ ಗುಳಿಗೆ ನುಂಗಿದ್ದರೂ ಹೇಳಿ. ಜ್ವರ ಬಂದಾಗ ತುಟಿಯ ಮೇಲೆ ನೀರುಗುಳ್ಳೆ ಏಳುವವರು ಅದನ್ನೂ ಹೇಳಬೇಕು. ಆ ವೈರಾಣು ಸೂಜಿಯ ನಂತರ ಇಡೀ ಮುಖಕ್ಕೆ ಹರಡಬಹುದು, ವೈದ್ಯರು ಮುಂಚಿತವಾಗಿ ಗುಳಿಗೆ ಕೊಡುತ್ತಾರೆ.

*ಕೂಡಲೇ ವೈದ್ಯರ ಬಳಿ ಹೋಗಬೇಕಾದಾಗ*

ಮೂರು ದಿನವಾದ ಮೇಲೆ ಕೆಂಪು ಇಳಿಯುವ ಬದಲು ಏರುತ್ತಿದ್ದರೆ, ಕೀವು ಕಂಡರೆ, ನೀರುಗುಳ್ಳೆ ಗೊಂಚಲಾಗಿ ಎದ್ದರೆ, ಜ್ವರ ಬಂದರೆ, ಗಟ್ಟಿ ಗಂಟು ಕೈಗೆ ಸಿಕ್ಕರೆ, ಕಣ್ಣಿನ ಸುತ್ತ ಊತ ಹೆಚ್ಚಿದರೆ ಕಾಯಬೇಡಿ. ಕಪ್ಪು ಚುಕ್ಕೆ ಶುರುವಾದಾಗಲೂ ಮುಂದಿನ ಸಿಟ್ಟಿಂಗ್‌ವರೆಗೆ ಸುಮ್ಮನಿರದೆ ತೋರಿಸಿ, ಆಗ ಹಿಡಿದರೆ ಬೇಗ ಮಾಸುತ್ತದೆ. ಕಪ್ಪು ಇರುವಾಗ ಮುಂದಿನ ಸೂಜಿ ಹಾಕಬೇಕೋ ಬೇಡವೋ ಎಂಬುದನ್ನು ಪ್ಯಾಕೇಜ್ ನಿರ್ಧರಿಸಬಾರದು, ವೈದ್ಯರು ನಿರ್ಧರಿಸಬೇಕು.

ಕರಾವಳಿ, ಮೈಸೂರು ಕಡೆಯಿಂದ ಹೊಸದಾಗಿ ಬಂದವರಿಗೆ ಮರಾಠಿಯಲ್ಲಿ ಹೇಳುವುದು ಕಷ್ಟವಾಗುತ್ತದೆ. ನಾಲ್ಕು ಮಾತು ಕಲಿತಿಡಿ. ಉರಿಯುತ್ತಿದೆ ಎನ್ನಲು ‘ಜಳಜಳ ಹೋತೆ’, ತುರಿಕೆಗೆ ‘ಖಾಜ್ ಯೇತೆ’, ಊತಕ್ಕೆ ‘ಸೂಜ್ ಆಲೀ ಆಹೆ’. ಕೀವಿಗೆ ಅವರು ‘ಪೂ’ ಎನ್ನುತ್ತಾರೆ. ಜೊತೆಗೆ ಮೊದಲ ದಿನದಿಂದ ದಿನಕ್ಕೊಂದು ಫೋಟೋ, ಒಂದೇ ಜಾಗ, ಒಂದೇ ಬೆಳಕಿನಲ್ಲಿ ತೆಗೆದಿಟ್ಟುಕೊಂಡಿದ್ದರೆ ಮಾತಿಗಿಂತ ಅದೇ ಹೆಚ್ಚು ಹೇಳುತ್ತದೆ.

ಚಿಕಿತ್ಸೆಯ ನಡುವೆ ಊರಿಗೆ ಹೋಗುವವರು ಕ್ಲಿನಿಕ್‌ನಿಂದ ಒಂದು ಚೀಟಿ ಬರೆಸಿಕೊಳ್ಳಿ. ಸೂಜಿ ಹಾಕಿದ ತಾರೀಕು, ಎಷ್ಟು ಮಿ.ಮೀ. ಆಳ, ಏನೇನು ಹಚ್ಚಿದರು, ಯಾವ ಗುಳಿಗೆ ಕೊಟ್ಟರು ಇಷ್ಟು ಇದ್ದರೆ ಸಾಕು. ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಮುಖ ಊದಿಕೊಂಡರೆ ಅಲ್ಲಿನ ವೈದ್ಯರು ಮೊದಲು ಕೇಳುವುದು ಇದನ್ನೇ. ಫೋನಿನಲ್ಲಿ ಅದರ ಫೋಟೋ ಇರಲಿ, ಕಾಗದ ಬಸ್ಸಿನಲ್ಲಿ ಕಳೆದುಹೋಗುತ್ತದೆ.